ಹಗೇವಿಗೆ ಇಳಿದ ಸೂಟಿ

ಸೇಡಂ ಬಿಸಿಲು ಕಂಡವರಿಗೆ ನರಕದ ಹೆದರಿಕೆ ಇರುವುದಿಲ್ಲ. ಏಪ್ರಿಲ್ ಬಂತೆಂದರೆ ಅಲ್ಲಿಯ ಕಾಗೆಗಳು ಹಾರುವುದನ್ನು ಬಿಟ್ಟು ನೆರಳಿನಿಂದ ನೆರಳಿಗೆ ನಡೆದೇ ಹೋಗುತ್ತವೆ. ಅಂಗಳದ ಫರ್ಸಿಕಲ್ಲಿನ ಮೇಲೆ ಚೆಲ್ಲಿದ ನೀರಿನ ಹನಿ ಕಲ್ಲು ಮುಟ್ಟುವ ಮೊದಲೇ ಹೆದರಿ ಮುಗಿಲಿಗೆ ವಾಪಸ್ಸಾಗುತ್ತದೆ. ಅಂಥ ಒಂದು ಏಪ್ರಿಲ್‌ನಲ್ಲಿ, ಶಾಲೆಗೆ ಸೂಟಿ ಬಿಟ್ಟ ದಿನ, ಉಮಾದೇವಿ ಟೀಚರ್ ಸ್ಟಾಫ್‌ರೂಮಿನಲ್ಲಿ ನಿಂತು ಒಂದು ಶಪಥ ಮಾಡಿದಳು. ಆ ಶಪಥ ಕೇಳಿ ಮೇಲಿನ ಫ್ಯಾನು ಕೂಡ ತಿರುಗುವುದನ್ನು ನಿಲ್ಲಿಸಿತು. ಕರೆಂಟು ಹೋಗಿತ್ತು ಎನ್ನುವವರು ಹೊಟ್ಟೆಕಿಚ್ಚಿನ ಜನ.

"ಈ ಸೂಟಿ ನನ್ನ ಮಗಳದು. ಆಕಿ ಏನು ಕಲೀತೀನಂತಾಳ ಅದೇ ಪಾಠ. ಎಲ್ಲಿ ಹೋಗ್ತೀನಂತಾಳ ಅದೇ ಸಾಲಿ. ನಾ ಬ್ಯಾಡ ಅನ್ನಂಗಿಲ್ಲ. ಉತ್ತರನೂ ಹೇಳಿಕೊಡಂಗಿಲ್ಲ. ಆಕಿ ಮುಂದ, ನಾ ಹಿಂದ."

ಇದನ್ನೆಲ್ಲ ಅವಳು ಮೊಬೈಲಿನಲ್ಲಿ ನೋಡಿದ್ದಳು. ಯಾವುದೋ ಊರಿನ ಯಾವುದೋ ತಾಯಂದಿರು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು, ಮಕ್ಕಳ ಬೆನ್ನು ಹತ್ತಿ ಹೋಗಿ, ಅವರು ಕೇಳಿದ್ದನ್ನೇ ಪಾಠ ಮಾಡಿ, ಚಿನ್ನದಂಥ ಮಕ್ಕಳನ್ನು ಬೆಳೆಸುತ್ತಿದ್ದ ವಿಡಿಯೋಗಳು. ನೋಡಿ ನೋಡಿ ಅವಳ ಕಣ್ಣು ಎಷ್ಟು ಹೊಳೆಯತೊಡಗಿದ್ದವೆಂದರೆ, ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸಕ್ಕಿದ್ದ ಅವಳ ಗಂಡ ಶರಣಕುಮಾರ ರಜೆಗೆ ಬಂದವನು ಸಿಗ್ನಲ್ ದೀಪವೆಂದು ತಿಳಿದು ಬಾಗಿಲಲ್ಲೇ ನಿಂತುಬಿಟ್ಟಿದ್ದ.

ಸ್ಟಾಫ್‌ರೂಮಿನಲ್ಲಿ ಹಿಂದಿ ಟೀಚರ್ ಜಯಮಾಲಾ ಮಾತ್ರ ಬಾಯಿಗೆ ಸೆರಗು ಹಿಡಿದಳು.

"ಹಿಂದ ಹೋಗ್ತೀಯವ್ವ, ಖರೆ. ಮುಂದ ಹೋದಾಕಿ ಭಾವಿಗಿ ಬಿದ್ರ?"

"ಬಿದ್ರ ಈಸೂದು ಕಲೀತಾಳ."

ಎಲ್ಲರೂ ನಕ್ಕರು. ಉಮಾದೇವಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗೆಯನ್ನು ಗಂಟಲಿಗೆ ವಾಪಸ್ ತುರುಕಲು ಅವಳು ಏನು ಬೇಕಾದರೂ ಕೊಡಲು ಸಿದ್ಧಳಾಗುವ ದಿನ ಭಾಳ ದೂರವಿರಲಿಲ್ಲ.

ಮಗಳು ಭಾಗ್ಯಜ್ಯೋತಿ. ಒಂಬತ್ತು ವರ್ಷ, ಎರಡು ಜಡೆ, ಮುಂದಿನ ಹಲ್ಲು ಅರ್ಧ ಬೆಳೆದಿದ್ದವು. ಆ ಹಲ್ಲಿನ ಸಂದಿಯಿಂದ ಪ್ರಶ್ನೆಗಳು ಹೇಗೆ ಬರುತ್ತಿದ್ದವೆಂದರೆ, ಚಂದ್ರಂಪಳ್ಳಿ ಕೆರೆಯ ಗೇಟು ತೆಗೆದರೂ ನೀರು ಅಷ್ಟು ರಭಸದಿಂದ ಬರುವುದಿಲ್ಲ. ಸೂಟಿಯ ಮೊದಲ ಬೆಳಿಗ್ಗೆಯೇ ಅವಳು ಬರಿಗಾಲಲ್ಲಿ ಅಂಗಳಕ್ಕೆ ಹೋಗಿ, ಕುಣಿದು ಒಳಗೆ ಬಂದು, "ಅವ್ವಾ, ಈ ಕಲ್ಲು ಎಲ್ಲಿಂದ ಬಂದಾವ?" ಎಂದಳು.

ಉಮಾದೇವಿ ಬಾಯಿ ತೆರೆದು ಮುಚ್ಚಿದಳು. ಉತ್ತರ ಹೇಳಬಾರದಲ್ಲ. "ನೀನೇ ಹೇಳು, ಹೆಂಗ ಹುಡಕೂಣು?"

ಹುಡುಕುತ್ತಾ ಹೋದವರು ಮರುದಿನ ಶಹಾಬಾದಿನ ಒಂದು ಕಲ್ಲಿನ ಖಣಿಯ ದಂಡೆಯಲ್ಲಿ ನಿಂತಿದ್ದರು. ಖಣಿ ಎಷ್ಟು ಆಳವೆಂದರೆ ಕೆಳಗೆ ಕೆಲಸ ಮಾಡುವವರಿಗೆ ಮೇಲಿನವರ ಬೈಗುಳ ಮುಟ್ಟುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಅಲ್ಲಿ ಕಲ್ಲು ಪದರ ಪದರವಾಗಿ ಮಲಗಿತ್ತು, ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿಟ್ಟಂತೆ. ಕೆಲಸಗಾರರು ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. 'ಟಣ್' ಎಂದರೆ ಗಟ್ಟಿ. 'ಡಬ್' ಎಂದರೆ ಕೆಳಗೆ ಸಡಿಲ, ಹಾರೆ ಹಾಕಿ ಎಬ್ಬಿಸಬಹುದು. ಭಾಗ್ಯಜ್ಯೋತಿ ಆ ದಿನವಿಡೀ ಊಟ ಬಿಟ್ಟು ಬಡಿದಳು, ಕೇಳಿದಳು, ಬಡಿದಳು. ಬರುವಾಗ ಒಂದು ಸಣ್ಣ ಸುತ್ತಿಗೆ ಬೇಕೆಂದಳು. ಬ್ಯಾಡ ಅನ್ನುವಂತಿಲ್ಲ, ಕೊಡಿಸಿದ್ದಾಯಿತು.

ಆಮೇಲೆ ಸೇಡಮ್ಮಿನಲ್ಲಿ ಅವಳು ಬಡಿಯದೆ ಬಿಟ್ಟ ಕಲ್ಲಿಲ್ಲ. ಮನೆಯ ನೆಲ, ಮೆಟ್ಟಿಲು, ಕಟ್ಟೆ, ಪಕ್ಕದ ಮನೆಯ ಜಾನಬಿಯ ಮಾಳಿಗೆ. ಜಾನಬಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಟೀಚರಮ್ಮಾ, ನಿಮ್ಮ ಪೋರಿ ನಮ್ಮ ಛತ್ ಕೆಡವಿದ ಮ್ಯಾಲೇ ಸೂಟಿ ಮುಗೀತದೇನ್ರಿ?"

"ಆಕಿ ಕಲೀಲಿಕತ್ತಾಳ್ರಿ ಜಾನಬಿ ಅಕ್ಕಾ."

"ಕಲೀಲಿ ಬಿಡ್ರಿ. ಖರೆ ನೀವು ಏನು ಕಲಿಸ್ಲಿಕತ್ತೀರಿ?"

"ಏನೂ ಇಲ್ಲ. ಅದೇ ಇದರ ಮಜಾ."

ಅಷ್ಟು ಹೇಳಿ ಉಮಾದೇವಿ ಮಗಳು ಕಲ್ಲಿಗೆ ಕಿವಿಯಿಟ್ಟು ಮಲಗಿದ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಊರಿಗೆ ಊರೇ ನೋಡಿತು. ಜಯಮಾಲಾಳೂ ನೋಡಿದಳು, ನೋಡಿದ್ದು ಉಮಾದೇವಿಗೆ ಗೊತ್ತಾಯಿತು. ಆ ದಿನ ಅವಳ ಕಾಲು ನೆಲಕ್ಕೆ ತಾಗಲಿಲ್ಲ.

ಸೇಡಮ್ಮಿನ ಕಲ್ಲುಗಳು ಮುಗಿದ ಮೇಲೆ ಭಾಗ್ಯಜ್ಯೋತಿ, "ಮುಧೋಳಕ್ಕ ಹೋಗೂಣು, ಆಯಿ ಮನಿ ಭಾಳ ಹಳೇದು, ಅಲ್ಲಿ ಡಬ್ ಅನ್ನಾ ಕಲ್ಲು ಇರ್ತಾವ" ಎಂದಳು. ತಾಯಿ ಬ್ಯಾಗು ತುಂಬಿದಳು.

ತೆಲಂಗಾಣದ ಗಡಿಗೆ ಹತ್ತಿದ ಆ ಮುಧೋಳದ ಮನೆಯಲ್ಲಿ ಇದ್ದವರು ಇಬ್ಬರೇ. ಭಾಗ್ಯಜ್ಯೋತಿ ಆಯಿ ಎಂದು ಕರೆಯುವ ಅತ್ತೆ ನೀಲಾಬಾಯಿ, ಮತ್ತು ಮೈದುನ ಸಂಗಮೇಶ್ವರ. ಮಾವ ಸೂಗಪ್ಪ ಹೋಗಿ ವರ್ಷಗಳಾಗಿದ್ದವು. ನೀಲಾಬಾಯಿ ಸಣ್ಣ ಆಳು, ಆದರೆ ಅವಳ ಗಂಟಲು ಎಂಥದೆಂದರೆ ಅವಳು ಮುಧೋಳದಲ್ಲಿ ಎಮ್ಮೆಗೆ ಬೈದರೆ ತೆಲಂಗಾಣದ ಎಮ್ಮೆಗಳು ಹಾಲು ಇಳಿಸುತ್ತಿದ್ದವು. ಅಂಥವಳಿಗೆ ಸೊಸೆ ಬಂದ ದಿನವೇ ಕೈಮುಗಿದು ಹೇಳಿದಳು:

"ಅತ್ತೀ, ಒಂದೇ ಮಾತ್ರಿ. ಆಕಿ ಏನು ಕೇಳಿದ್ರೂ ಹೇಳಬ್ಯಾಡ್ರಿ. ಆಕಿನೇ ಹುಡಕಲಿ."

"ಹೇಳಬ್ಯಾಡಂದ್ರ? ಕೂಸು ಕೇಳಿದ್ರ ಹೇಳದಂಗ ಹ್ಯಾಂಗಿರಬೇಕವ್ವ? ಬಾಯಾಗ ಅರಿವಿ ತುರಕೊಂಡು ಕುಂದರಲ್ಯಾ?"

"ಈಗ ಹಿಂಗೇ ಕಲಸ್ತಾರ್ರಿ."

"ಆಯ್ತು. ನಂಗ್ಯಾಕ ಬೇಕು" ಎಂದು ನೀಲಾಬಾಯಿ ಮುಖ ತಿರುಗಿಸಿ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಆ ಬಾಯಿ ಮುಚ್ಚಿದ್ದನ್ನು ಆ ಓಣಿ ಅದೇ ಮೊದಲ ಸಲ ಕಂಡಿದ್ದು. ಒಳ್ಳೆಯ ಶಕುನವಂತೂ ಅಲ್ಲ.

ಭಾಗ್ಯಜ್ಯೋತಿ ಸುತ್ತಿಗೆ ಹಿಡಿದು ಹೊರಟಳು. ಪಡಸಾಲೆ ಟಣ್. ಬಾಗಿಲ ಮುಂದೆ ಟಣ್. ಕಟ್ಟೆ ಟಣ್. ಹಿತ್ತಲಿಗೆ ಹೋಗಿ, ದನದ ಕೊಟ್ಟಿಗೆಯ ಮಗ್ಗುಲಲ್ಲಿ, ಒಟ್ಟಿದ್ದ ಹಳೆಯ ಕಣಕಿಯನ್ನು, ಜೋಳದ ಒಣ ದಂಟನ್ನು, ಕಾಲಿನಿಂದ ಸರಿಸಿ, ಮಣ್ಣು ಕೆದರಿ, ಒಂದು ದುಂಡು ಫರ್ಸಿಯ ಮೇಲೆ ಹೊಡೆದಳು.

ಅದು ಟಣ್ ಎನ್ನಲಿಲ್ಲ. ಡಬ್ ಎಂದೂ ಅನ್ನಲಿಲ್ಲ. ಕೆಳಗಿನಿಂದ ಯಾರೋ ನಿದ್ದೆಯಲ್ಲಿ ಹೂಂಗುಟ್ಟಿದ ಹಾಗೆ ಒಂದು ಸದ್ದು ಬಂತು, ಮತ್ತು ಸುತ್ತಿಗೆ ಎತ್ತಿದ ಮೇಲೂ ಸ್ವಲ್ಪ ಹೊತ್ತು ಉಳಿಯಿತು. ಕೊಟ್ಟಿಗೆಯ ಎಮ್ಮೆ ಮೇವು ಬಿಟ್ಟು ತಲೆಯೆತ್ತಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲಾಬಾಯಿಯ ಕೈ ನಿಂತಿತು.

"ಹಗೇವು" ಎಂದಳು ಅವಳು, ಯಾರೂ ಕೇಳದಿದ್ದರೂ.

ಹಗೇವೆಂದರೆ ಜೋಳ ಕೂಡಿಡುವ ನೆಲದೊಳಗಿನ ಕಣಜ. ಕೊಡದ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಗೋಡೆಗೆ ಕಣಕಿ ಹಚ್ಚಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಬಳಿದರೆ ವರ್ಷಗಟ್ಟಲೆ ಹುಳ ಬೀಳದೆ ಇರುತ್ತಿತ್ತು. ಸೂಗಪ್ಪನ ಕಾಲದಲ್ಲಿ ಆ ಹಗೇವಿನ ಜೋಳ ಸೇಡಮ್ಮಿನಿಂದ ಚಿಂಚೋಳಿಯ ತನಕ ಎಲ್ಲರ ಹೊಟ್ಟೆ ತುಂಬಿಸುತ್ತಿತ್ತಂತೆ, ಉಳಿದದ್ದನ್ನು ಕೊಡ್ಲಿ ಊರಿನ ಗುಬ್ಬಿಗಳು ಹೊಟ್ಟೆ ಬಿರಿಯುವವರೆಗೆ ತಿನ್ನುತ್ತಿದ್ದವಂತೆ. ಆಮೇಲೆ ಚೀಲ ಬಂದವು, ಗೋದಾಮು ಬಂದವು. ಕಲ್ಲು ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಒಳಗ ಏನದ?" ಎಂದಳು ಭಾಗ್ಯಜ್ಯೋತಿ.

"ಏನಿರಬಹುದು?" ಎಂದಳು ಉಮಾದೇವಿ, ಮೊಬೈಲು ಎತ್ತಿ ಹಿಡಿದು.

"ನಾ ಇಳದು ನೋಡ್ತೀನಿ."

ಬ್ಯಾಡ ಎಂಬ ಮಾತು ತಾಯಿಯ ನಾಲಿಗೆಯ ತುದಿಯ ತನಕ ಬಂದು, ಅಲ್ಲಿ ಜಯಮಾಲಾಳ ಮುಖ ಕಂಡು, ನಾಚಿ ಹಿಂದಕ್ಕೆ ಹೋಯಿತು.

ಸಂಗಮೇಶ್ವರನಂತೂ ಪಂಚೆ ಎತ್ತಿ ಕಟ್ಟಿದ. ಅವನು ಒಂದು ಕೆಲಸ ಮಾಡಿ ನಾಲ್ಕು ಹೇಳುವ ಮನುಷ್ಯ. ಹಾರೆ ಹಾಕಿ ಕಲ್ಲು ಹೊರಳಿಸುವಾಗ ಅವನು ಎಷ್ಟು ಹೂಂಕರಿಸಿದನೆಂದರೆ ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರು ತಾನಾಗಿಯೇ ಚಾಲೂ ಆಯಿತು. ಕಲ್ಲು ಸರಿಯಿತು. ಒಳಗಿನಿಂದ ಬೆಚ್ಚನೆಯ ಗಾಳಿಯೊಂದು ಎದ್ದು ಎಲ್ಲರ ಮುಖಕ್ಕೆ ಬಡಿಯಿತು. ಹುಳಿ ವಾಸನೆ. ಅಂಬಲಿ ಹದ ತಪ್ಪಿದಾಗ ಬರುವಂಥದು, ಅದರ ಸಾವಿರ ಪಾಲು. ಕಾಲ ಬುಡದಲ್ಲಿ ಕೆದರುತ್ತಿದ್ದ ಕೋಳಿಗಳು ಒಂದೂ ಸದ್ದು ಮಾಡದೆ ಆಚೆಗೆ ಹೋದವು.

"ಥೂ, ತಳದಾಗ ಜೋಳ ಉಳದಿತ್ತು, ಮಳಿ ನೀರು ಇಳದು ಕೊಳತದ" ಎಂದ ಸಂಗಮೇಶ್ವರ ಮೂಗು ಮುಚ್ಚಿ.

ಬಾಗಿಲಲ್ಲಿ ನಿಂತಿದ್ದ ನೀಲಾಬಾಯಿಗೆ ತಡೆಯಲಾಗಲಿಲ್ಲ. "ಇವತ್ತ ಇಳೀಬ್ಯಾಡ್ರೋ. ಬಾಯಿ ತೆರದು ಒಂದಿನಾ ಬಿಡಬೇಕು. ಆಮ್ಯಾಲ ದೀಪ ಇಳಸಬೇಕು. ದೀಪ ಇಳಸದಂಗ ಹಗೇವಿಗಿ ಕಾಲು ಇಡೂ ಪದ್ಧತಿ ಇಲ್ಲ."

"ಯಾಕ ಆಯೀ? ದೀಪ ಯಾಕ?" ಭಾಗ್ಯಜ್ಯೋತಿ ಓಡಿ ಹೋಗಿ ಅವಳ ಸೀರೆ ಹಿಡಿದಳು.

"ಯಾಕಂದ್ರ, ನಮ್ಮ ಮನಿ ಆಳು ಅಂಬರಾಯ ಅಂತಿದ್ದ. ಅಂವ ಇಳದಾಗ..."

"ಅತ್ತೀ!" ಎಂದಳು ಉಮಾದೇವಿ. ನಗುತ್ತಲೇ ಎಂದಳು. "ಮಾತು ಕೊಟ್ಟೀರಿ. ಆಕಿನೇ ಹುಡಕಲಿ. ಭಾಗ್ಯಾ, ನಿನಗ ಏನನಸ್ತದ? ದೀಪ ಯಾಕ ಇಳಸ್ತಿರಬಹುದು?"

ನೀಲಾಬಾಯಿ ಸೊಸೆಯನ್ನು ನೋಡಿದಳು, ಮೊಬೈಲನ್ನು ನೋಡಿದಳು, ಬಾಯೊಳಗಿನ ಮಾತನ್ನು ಎಲೆಯ ಜೊತೆ ಅಗಿದು ನುಂಗಿದಳು.

"ಹಾವು ಚೇಳು ಕಾಣಲಿ ಅಂತ" ಎಂದಳು ಭಾಗ್ಯಜ್ಯೋತಿ ಯೋಚಿಸಿ.

"ಶಾಬಾಸ್!" ಎಂದ ಕಾಕಾ ಸಂಗಮೇಶ್ವರ.

"ಭೂಮಿತಾಯಿಗಿ ಬೆಳಕು ತೋರಸಬೇಕು ಅಂತ" ಎಂದು ನೀಲಾಬಾಯಿ ಗೋಡೆಗೆ ಹೇಳಿದಳು. ಅವಳಿಗೆ ಅತ್ತೆ ಹಾಗೆ ಹೇಳಿದ್ದರು, ಅತ್ತೆಗೆ ಅವರ ಅತ್ತೆ.

ಹತ್ತು ವರ್ಷದಿಂದ ಏಳನೆಯ ತರಗತಿಗೆ ವಿಜ್ಞಾನ ಹೇಳುತ್ತಿದ್ದ ಉಮಾದೇವಿ ಅಲ್ಲೇ ನಿಂತಿದ್ದಳು. ಪ್ರತಿ ವರ್ಷ ಆಗಸ್ಟಿನಲ್ಲಿ ಅವಳು ಗಾಜಿನ ಪಾತ್ರೆಯೊಳಗೆ ಉರಿಯುವ ಕಡ್ಡಿ ಇಳಿಸಿ, ಅದು ಪಕ್ಕನೆ ಆರುವುದನ್ನು ತೋರಿಸಿ, "ಯಾಕ ಆರ್ತು?" ಎಂದು ಮಕ್ಕಳ ಕಿವಿ ಹಿಂಡುತ್ತಿದ್ದಳು. ಅವಳಿಗೆ ಗೊತ್ತಿಲ್ಲದ ಗಾಳಿ ಕಲಬುರಗಿ ಜಿಲ್ಲೆಯಲ್ಲೇ ಬೀಸುತ್ತಿರಲಿಲ್ಲ. ಆದರೆ ಆ ಪಾಠ ಶಾಲೆಯದು. ಶಾಲೆಗೆ ಈಗ ಸೂಟಿ.

"ಒಂದಿನಾ ಯಾಕ ಕಾಯಬೇಕು? ನಾ ಇವತ್ತೇ ಇಳೀತೀನಿ" ಎಂದಳು ಭಾಗ್ಯಜ್ಯೋತಿ.

"ಆಕಿದೇ ಟೈಂಟೇಬಲ್" ಎಂದಳು ಉಮಾದೇವಿ.

ದೀಪಕ್ಕೆ ಹುಡುಕಾಟವಾಯಿತು. ಅಟ್ಟದ ಮೇಲೆ ಸೂಗಪ್ಪನ ಕಂದೀಲು ಇತ್ತು, ಗಾಜು ಒಡೆದಿತ್ತು. ಅದಕ್ಕೆ ಹಾಕಲು ಮನೆಯಲ್ಲಿ ಹನಿ ಚಿಮಣಿ ಎಣ್ಣೆಯೂ ಇರಲಿಲ್ಲ. ಆ ಎಣ್ಣೆ ಕಂಡೇ ಎಷ್ಟೋ ಕಾಲವಾಗಿತ್ತು. ನೀಲಾಬಾಯಿ ಜಗಲಿಯ ಮೇಲಿನ ದೇವರ ದೀಪ ತರಲು ಎದ್ದಳು.

"ದೇವರ ದೀಪ ಕೊಳತ ತಗ್ಗಿಗಿ ಇಳಸ್ತೀರೇನ್ರಿ ಅತ್ತೀ? ಬ್ಯಾಡ್ರಿ" ಎಂದಳು ಉಮಾದೇವಿ.

"ನಿಂದ್ರು ಯವ್ವಾ, ನಂದ ಅದ ನೋಡು" ಎಂದು ಸಂಗಮೇಶ್ವರ ತನ್ನ ಚಾರ್ಜಿಂಗ್ ಲೈಟು ತಂದ. ರಾತ್ರಿ ಹೊಲಕ್ಕೆ ನೀರು ಬಿಡಲು ತಂದದ್ದು. ಅದರ ಬೆಳಕು ಎಂಥದೆಂದರೆ, ಅವನೇ ಹೇಳುವಂತೆ, ಅದನ್ನು ಒಮ್ಮೆ ಮುಗಿಲಿಗೆ ಹಿಡಿದಾಗ ಹೈದರಾಬಾದಿಗೆ ಹೋಗುವ ವಿಮಾನ ಮುಧೋಳದಲ್ಲಿ ಇಳಿಯಲು ನೋಡಿತ್ತು.

ಹಗ್ಗಕ್ಕೆ ಕಟ್ಟಿ ಇಳಿಸಿದರು. ಲೈಟು ಕೆಳಗೆ ಹೋಯಿತು, ಇನ್ನೂ ಕೆಳಗೆ ಹೋಯಿತು, ತಳ ಮುಟ್ಟಿತು. ಬೆಳ್ಳಗೆ, ನಿಶ್ಚಲವಾಗಿ, ರೆಪ್ಪೆ ಬಡಿಯದೆ ಉರಿಯಿತು.

"ನೋಡ್ರಿ! ಉರೀಲಿಕತ್ತದ!" ಎಂದ ಸಂಗಮೇಶ್ವರ.

ನೀಲಾಬಾಯಿ ಬಗ್ಗಿ ನೋಡಿ ಉಸಿರು ಬಿಟ್ಟಳು. ದೀಪ ಇಳಿಸಿದ್ದಾಯಿತು, ಪದ್ಧತಿ ತಪ್ಪಲಿಲ್ಲ. ಆದರೂ ಮೊಮ್ಮಗಳ ಸೊಂಟಕ್ಕೂ ಬಗಲಿಗೂ ಹಗ್ಗ ಸುತ್ತಿ ಗಂಟು ಹಾಕುವಾಗ ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಹೋರಿ ಕಟ್ಟುವ ಗಂಟು ಅದು, ಆನೆ ಜಗ್ಗಿದರೆ ಆನೆಯೇ ಬಿಚ್ಚಿಕೊಳ್ಳಬೇಕು.

"ನಾ ಹಗ್ಗ ಅಲ್ಲಾಡಸಿದಾಗ ಮ್ಯಾಲ ಜಗ್ಗ್ರಿ. ಅಲ್ಲೀತನಕ ಜಗ್ಗಬಾರದು" ಎಂದಳು ಭಾಗ್ಯಜ್ಯೋತಿ.

"ನೀ ಹೇಳಿದಂಗ" ಎಂದಳು ಉಮಾದೇವಿ. ಮೊಬೈಲನ್ನು ನೀರಿನ ಕೊಡಕ್ಕೆ ಆನಿಸಿ, ವಿಡಿಯೋ ಚಾಲೂ ಮಾಡಿ, ಕಲ್ಲಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಳು.

ಹಗೇವಿನ ಬಾಯಿ ಎಷ್ಟು ಸಣ್ಣದಿತ್ತೆಂದರೆ ಭಾಗ್ಯಜ್ಯೋತಿ ಕೈ ಮೇಲೆತ್ತಿಯೇ ತೂರಬೇಕಾಯಿತು. ಮೊದಲು ಕಾಲು, ಆಮೇಲೆ ಹೊಟ್ಟೆ, ಆಮೇಲೆ ನಗುವ ಮುಖ, ಕೊನೆಗೆ ಎರಡು ಅಂಗೈ. ಸಂಗಮೇಶ್ವರ ಹಗ್ಗ ಬಿಡುತ್ತಾ ಹೋದ.

"ಏನು ಕಾಣಸ್ತದ ಭಾಗ್ಯಾ?"

"ಗ್ವಾಡಿಗಿ ಕಣಕಿ ಅವ ಅವ್ವಾ! ಕರ್ರಗ ಆಗ್ಯಾವ! ಮುಟ್ಟಿದ್ರ ಉದರ್ತಾವ!" ಧ್ವನಿ ಒಳಗೆ ಗುಂಯ್ ಎಂದು ಸುತ್ತು ಹಾಕಿ ಮೇಲೆ ಬಂತು.

"ಭೇಷ್! ಮತ್ತ?"

"ತಳ ಬಂತು. ಜೋಳ ಅದ. ಹಸಿ ಅದ. ಕಾಲು ಹುಗೀತಾವ." ಕೆಮ್ಮು. "ಬೆಚ್ಚಗದ."

"ಬೆಚ್ಚಗದಂತ್ರಿ" ಎಂದು ಉಮಾದೇವಿ ಮೊಬೈಲಿನ ಕಡೆ ತಿರುಗಿ ಹೇಳಿದಳು. "ಯಾಕ ಬೆಚ್ಚಗದ ಅಂತ ವಿಚಾರ ಮಾಡು ಭಾಗ್ಯಾ!"

ಉತ್ತರ ಬರಲು ತಡವಾಯಿತು.

"ಅವ್ವಾ... ಇಲ್ಲಿ..."

"ಹೂಂ, ಹೇಳು?"

"ನಿದ್ದಿ ಬಂದಂಗ..."

ಸಂಗಮೇಶ್ವರ ಅತ್ತಿಗೆಯ ಕಡೆ ತಿರುಗಿ ನಕ್ಕ. "ಕೂಸಿಗಿ ಹಗೇವಿನಾಗೂ ನಿದ್ದಿ ನೋಡ್ರಿ ವೈನಿ!"

ಉಮಾದೇವಿಯೂ ನಗಲು ಹೊರಟಳು. ನಗೆ ಅರ್ಧಕ್ಕೆ ನಿಂತಿತು. ಕೆಳಗಿನ ಬಿಳಿ ಬೆಳಕಿನಲ್ಲಿ ಮಗಳ ನೆರಳು ಗೋಡೆಯ ಮೇಲಿತ್ತು. ಅದು ಮೆಲ್ಲಗೆ ಗಿಡ್ಡವಾಗುತ್ತಿತ್ತು.

"ಭಾಗ್ಯಾ?"

"..."

"ಹಗ್ಗ ಇನ್ನಾ ಅಲ್ಲಾಡಸಿಲ್ರಿ ವೈನಿ" ಎಂದ ಸಂಗಮೇಶ್ವರ. ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. "ಆಕಿ ಅಲ್ಲಾಡಸಿದಾಗ ಜಗ್ಗಂದಾಳ."

ಹಿಂದೆ ಗೋಡೆಗೆ ಆತು ನಿಂತಿದ್ದ ನೀಲಾಬಾಯಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. "ಏನೂ ಆಗಂಗಿಲ್ಲ. ಅಂಬರಾಯ ಇಳಿಯೂ ಮುಂದ ಕಂದೀಲು ಆರಿತ್ತು. ಆರಿದ್ರೂ ಸೊಕ್ಕಿಲೆ ಇಳದ, ಹ್ವಾದ. ನಮ್ದು ಆರಿಲ್ಲಲ್ಲ. ನಮ್ದು ಉರೀಲಿಕತ್ತದ."

ಆರಿತ್ತು.

ಅತ್ತೆಯ ಆ ಒಂದು ಮಾತು ಕಿವಿಗೆ ಬಿದ್ದದ್ದೇ ಉಮಾದೇವಿ ಬಗ್ಗಿ ತಳದ ಬೆಳಕನ್ನು ನೋಡಿದಳು. ಅದು ಬೆಂಕಿಯಲ್ಲ. ಅದು ನೀರಿನಲ್ಲೂ ಉರಿಯುತ್ತದೆ, ಮುಚ್ಚಿದ ಡಬ್ಬಿಯಲ್ಲೂ ಉರಿಯುತ್ತದೆ, ಉಸಿರಿಲ್ಲದ ಕಡೆಯೂ ಉರಿಯುತ್ತದೆ. ಗಾಜಿನ ಪಾತ್ರೆ, ಆರಿದ ಕಡ್ಡಿ, ಅದರಿಂದ ಏಳುವ ಹೊಗೆಯ ಎಳೆ, ಎಲ್ಲವೂ ಒಂದೇ ಸಲ ಅವಳ ಕಣ್ಣ ಮುಂದೆ ಬಂದು ನಿಂತವು.

ಈ ತನಕ ಹೇಳಿದ್ದರಲ್ಲಿ ಒಂದಕ್ಕೆ ಹತ್ತು ಸೇರಿದ್ದರೆ ಸೇರಿರಬಹುದು. ಮುಂದಿನದಕ್ಕೆ ಸೇರಿಸಲು ಏನೂ ಇಲ್ಲ.

ಅವಳು ಮೈದುನನ ಕೈಯಿಂದ ಹಗ್ಗ ಕಿತ್ತುಕೊಂಡಳು. "ಜಗ್ಗು! ಸಂಗಮೇಶಾ, ಜಗ್ಗು!"

"ಆಕಿ ಇನ್ನಾ..."

"ಜಗ್ಗೋ!"

ಇಬ್ಬರೂ ಜಗ್ಗಿದರು. ಹಗ್ಗ ಭಾರವಾಗಿ ಬಂತು. ಇಳಿಯುವಾಗ ಇದ್ದ ಹುಡುಗಿಗಿಂತ ಭಾರ. ಅರ್ಧ ಬಂದು, ಮುಕ್ಕಾಲು ಬಂದು, ತಟ್ಟನೆ ನಿಂತಿತು. ಕೈಯೆತ್ತಿ ಇಳಿದಿದ್ದವಳ ಕೈ ಈಗ ಕೆಳಗೆ ಜೋತುಬಿದ್ದಿದ್ದವು. ಹೆಗಲು ಕಲ್ಲಿನ ಕೊರಳಿಗೆ ಸಿಕ್ಕಿಕೊಂಡಿತ್ತು.

"ಜೋರ್ಲೆ ಜಗ್ಗಿದ್ರ ಕೈ ಮುರೀತದ" ಎಂದು ಸಂಗಮೇಶ್ವರ ಹಗ್ಗವನ್ನು ಅತ್ತಿಗೆಯ ಕೈಗೆ ಬಿಟ್ಟು, "ಆಕಿನ್ನ ಒಂಚೂರು ಕೆಳಗ ಬಿಡ್ರಿ, ನಾನೂ ಇಳದು ಕೆಳಗಿಂದ ದಬ್ತೀನಿ" ಎಂದು ಬಾಯಿಯ ಕಡೆ ನುಗ್ಗಿದ.

ನೀಲಾಬಾಯಿ ಅವನ ಪಂಚೆಯ ಅಂಚು ಹಿಡಿದು ನೆಲಕ್ಕೆ ಕುಸಿದು ಕುಳಿತಳು. "ಹಗ್ಗ ಹಿಡಿ ಸಂಗೂ! ಅಂಬರಾಯನ ಹಿಂದ ಅವನ ತಮ್ಮ ಇಳದ. ಇಬ್ಬರನ್ನೂ ಕೂಡಿಸಿ ಹೊತ್ತೀವಿ ನಾವು. ಹಗ್ಗ ಹಿಡಿ!"

ಸಂಗಮೇಶ್ವರ ಹಗ್ಗ ಹಿಡಿದ. ಉಮಾದೇವಿ ಕಾಯ್ದ ಫರ್ಸಿಯ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಒಂದು ಉಸಿರು ಎಳೆದು ಹಿಡಿದು, ತಲೆಯನ್ನೂ ಒಂದು ಕೈಯನ್ನೂ ಹಗೇವಿನ ಕೊರಳಿಗೆ ಹಾಕಿದಳು. ಬೆಚ್ಚನೆಯ ಹುಳಿ ಅವಳ ಕಣ್ಣು ಉರಿಸಿತು. ಬೆರಳಿಗೆ ಕೂದಲು ಸಿಕ್ಕಿತು, ಜಡೆ ಸಿಕ್ಕಿತು, ಹೆಗಲು ಸಿಕ್ಕಿತು. ಹೆಗಲನ್ನು ಒಳಕ್ಕೆ ಮಡಚಲು ನೋಡಿದಳು. ಅದು ಮಡಚಿಕೊಳ್ಳಲಿಲ್ಲ. ಇನ್ನೊಮ್ಮೆ ಮಡಚಿದಳು. ಮಗಳ ಮುಖ ಅವಳ ಮುಖಕ್ಕೆ ತಾಗಿತು. ಆ ಕೆನ್ನೆ ಬೆಚ್ಚಗೇ ಇತ್ತು, ಆದರೆ ಮೂಗಿನಿಂದ ಏನೂ ಬರುತ್ತಿರಲಿಲ್ಲ. ಹಿಡಿದ ಉಸಿರು ಎದೆಯಲ್ಲಿ ಸಿಡಿಯತೊಡಗಿತು. ಬಾಯಿ ತೆರೆಯಬಾರದು ಎಂದು ಅವಳಿಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು ಅವಳಿಗೆ.

ಹೆಗಲು ಜಾರಿತು. ಅವಳು ಕಾಲಿನಿಂದ ನೆಲ ಬಡಿದಳು. ಸಂಗಮೇಶ್ವರ ಜಗ್ಗಿದ.

ಭಾಗ್ಯಜ್ಯೋತಿ ಹಿತ್ತಲ ಮಣ್ಣಿನ ಮೇಲೆ ಬಂದು ಬಿದ್ದಾಗ ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗೆ ಇತ್ತು. ಉಮಾದೇವಿ ಅವಳ ಬಾಯಿಗೆ ಬಾಯಿಟ್ಟು ಊದಿದಳು. ಮತ್ತೆ ಊದಿದಳು. ನೀಲಾಬಾಯಿ ಮೊಮ್ಮಗಳ ಅಂಗಾಲು ತಿಕ್ಕುತ್ತಾ ಬಸವಣ್ಣಾ ಬಸವಣ್ಣಾ ಎನ್ನುತ್ತಿದ್ದಳು, ಆ ಗಂಟಲಿನಿಂದ ಪಿಸುಮಾತು ಮಾತ್ರ ಬರುತ್ತಿತ್ತು. ಕೊಡಕ್ಕೆ ಆನಿಸಿಟ್ಟ ಮೊಬೈಲು ಎಲ್ಲವನ್ನೂ ನೋಡುತ್ತಿತ್ತು.

ಕೊನೆಗೆ ಹುಡುಗಿಯ ಹೊಟ್ಟೆ ಎದ್ದಿತು. ಕೆಮ್ಮಿದಳು, ಕಾರಿದಳು, ಅಳಲಿಲ್ಲ. ಕಣ್ಣು ಬಿಟ್ಟು ಬಿಸಿಲನ್ನು ನೋಡಿದಳು.

ಸೇಡಮ್ಮಿನ ದವಾಖಾನೆಗೆ ಟಂಟಂ ಆಟೋದಲ್ಲಿ ಹೊರಟರು. ಸಂಗಮೇಶ್ವರ ಮುಂದೆ ಡ್ರೈವರನ ಮಗ್ಗುಲಲ್ಲಿ. ಹಿಂದೆ ನೀಲಾಬಾಯಿಯ ತೊಡೆಯ ಮೇಲೆ ಭಾಗ್ಯಜ್ಯೋತಿಯ ಕಾಲು, ತಾಯಿಯ ಎದೆಗೆ ತಲೆ. ಹಗೇವಿನ ಕಲ್ಲು ಮುಚ್ಚಲು ಯಾರಿಗೂ ನೆನಪಾಗಿರಲಿಲ್ಲ. ಆ ಲೈಟು ತಳದಲ್ಲಿ ಹಾಗೆಯೇ ಉರಿಯುತ್ತಿತ್ತು.

ಉಮಾದೇವಿಯ ಕೈಯಲ್ಲಿ ಮೊಬೈಲು ಕಂಪಿಸಿತು. ಜಯಮಾಲಾ: 'ಇವತ್ತು ಸ್ಟೇಟಸ್ ಇಲ್ಲ ಯಾಕ? ಏನು ಕಲಿತಳು ನಿನ್ನ ಮಗಳು?' ಉಮಾದೇವಿ ಅದನ್ನು ಬೋರಲು ಹಾಕಿದಳು.

ಹೊಲಗಳು ಹಿಂದಕ್ಕೆ ಹೋದವು. ಭಾಗ್ಯಜ್ಯೋತಿ ಅಷ್ಟು ಹೊತ್ತು ಏನನ್ನೂ ಕೇಳದೆ ಇದ್ದ ಇನ್ನೊಂದು ದಿನ ತಾಯಿಗೆ ನೆನಪಿರಲಿಲ್ಲ. ಆಮೇಲೆ ಕೇಳಿದಳು. ಧ್ವನಿ ಒಡೆದಿತ್ತು.

"ಅವ್ವಾ. ದೀಪ ಯಾಕ ಇಳಸ್ತಾರ?"

ಸೂಟಿ ಬಿಟ್ಟ ಮೇಲೆ ಮೊದಲ ಬಾರಿಗೆ ಉಮಾದೇವಿ ಉತ್ತರ ಹೇಳಿದಳು. "ಒಳಗಿನ ಗಾಳಿ ಕೆಟ್ಟಿದ್ರ ಬೆಂಕಿ ಆರ್ತದ. ಬೆಂಕಿ ಆರಿದಲ್ಲಿ ಮನಶ್ಯಾನೂ ಬದಕಂಗಿಲ್ಲ. ಅದಕ್ಕ ಬೆಂಕಿನೇ ಇಳಸಬೇಕು."

ಭಾಗ್ಯಜ್ಯೋತಿ ಮುಖವೆತ್ತಿ ತಾಯಿಯನ್ನು ನೋಡಿದಳು.

"ಇದು ನಿನಗ ಮೊದಲೇ ಗೊತ್ತಿತ್ತಾ?"

ಸುಳ್ಳು ಹೇಳಲು ಇದಕ್ಕಿಂತ ಸುಲಭದ ಜಾಗ ಭೂಮಿಯ ಮೇಲೆ ಇರಲಿಲ್ಲ. ನೀಲಾಬಾಯಿ ಹೊರಗೆ ನೋಡುತ್ತಿದ್ದಳು. ಟಂಟಂನ ಸದ್ದು ಬೇರೆ.

"ಗೊತ್ತಿತ್ತು" ಎಂದಳು ಉಮಾದೇವಿ.

"ಆಯಿಗಿ?"

"ಅರ್ಧಾ ಗೊತ್ತಿತ್ತು. ಹೇಳ್ತೀನಂದ್ರು. ನಾನೇ ಬಿಡಲಿಲ್ಲ."

ಮಗಳು ತಲೆಯಾಡಿಸಿದಳು, ಒಂದು ಕಲ್ಲನ್ನು ಬಡಿದು ಸದ್ದು ಕೇಳಿದವಳ ಹಾಗೆ. ಆಮೇಲೆ ಮೆಲ್ಲಗೆ ತಾಯಿಯ ಎದೆಯಿಂದ ತಲೆ ತೆಗೆದು, ಕಾಲು ಮಡಚಿಕೊಂಡು ತಿರುಗಿ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನೀಲಾಬಾಯಿ ಸೆರಗು ಹೊದಿಸಿದಳು. ಸೊಸೆಯ ಕಡೆ ನೋಡಲಿಲ್ಲ.

ಉಮಾದೇವಿ ಕಾದಳು. ಇನ್ನೊಂದು ಪ್ರಶ್ನೆ ಬರಲಿ, ಯಾವುದಾದರೂ ಬರಲಿ, ಈ ಸಲ ಕೇಳುವ ಮೊದಲೇ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದುಕೊಂಡೇ ಕುಳಿತಳು. ಸೇಡಂ ಬಂತು. ದವಾಖಾನೆ ಬಂತು. ಡಾಕ್ಟರು ಏನೇನೋ ಕೇಳಿದರು, ಹುಡುಗಿ ಎಲ್ಲದಕ್ಕೂ ಜಾಣೆಯ ಹಾಗೆ ಉತ್ತರ ಕೊಟ್ಟಳು. ಪುಣ್ಯಕ್ಕೆ ಏನೂ ಆಗಿಲ್ಲ, ಬದುಕಿದಳು ಎಂದರು.

ಮರುದಿನ ಬೆಳಿಗ್ಗೆ ಭಾಗ್ಯಜ್ಯೋತಿ ತಲೆ ಬಾಚಿಕೊಂಡು ಬಂದು ತಾಯಿಯ ಮುಂದೆ ಕೈಕಟ್ಟಿ ಕುಳಿತಳು, ಶಾಲೆಯಲ್ಲಿ ಕೂರುವ ಹಾಗೆ.

"ಏನು ಕಲಿಯೂಣು ಇವತ್ತ, ಭಾಗ್ಯಾ?" ಎಂದಳು ಉಮಾದೇವಿ.

"ನೀ ಹೇಳಿದ್ದು" ಎಂದಳು ಹುಡುಗಿ.

ಸೂಟಿ ಇನ್ನೂ ಅರ್ಧ ಉಳಿದಿತ್ತು.